ಡೆನ್ಮಾರ್ಕಿನವರಿಗೆ ಇಷ್ಟೊಂದು ಮಜ್ಜಿಗೆ ಯಾಕೆ ಬೇಕು

"ಇವರೇನೋ ತಮ್ಮಾ, ಮಾತಿಗೊಮ್ಮೆ ತಾಕ್ ತಾಕ್ ಅಂತಾರ. ಇಂಥಾ ಥಂಡ್ಯಾಗ ಮಜ್ಜಿಗಿ ಯಾಕ ಬೇಕಾಗೈತಿ ಇವರಿಗೆ?"

ಅವ್ವ ಹೀಗೆ ಕೇಳಿದಾಗ ಟಿವಿಯಲ್ಲಿ ಕೋಪನ್‌ಹೇಗನ್ ಪೊಲೀಸರು ಯಾರದೋ ವಿಚಾರಣೆ ಮುಗಿಸಿ ಎದ್ದು ಹೊರಟಿದ್ದರು. ನಾನು ಅಲ್ಲೇ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಡ್ಯಾನಿಶ್‌ನಲ್ಲಿ 'ತಾಕ್' ಅಂದರೆ ಥ್ಯಾಂಕ್ಸ್, ಸ್ವೀಡನ್ನಿನವರೂ ಹೆಚ್ಚು ಕಡಿಮೆ ಹಾಗೇ ಅಂತಾರೆ. ಆದರೆ ಅವ್ವನ ತವರು ನಿಪ್ಪಾಣಿ ಕಡೆ. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಮರಾಠಿಯಲ್ಲಿ ತಾಕ್ ಅಂದರೆ ಮಜ್ಜಿಗೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಈ ಸೀರಿಯಲ್‌ಗಳಿಗೆ, ಅಂದರೆ ಉತ್ತರ ಯುರೋಪಿನ ಕತ್ತಲು ತುಂಬಿದ ಪತ್ತೇದಾರಿ ಕಥೆಗಳಿಗೆ, ನಾರ್ಡಿಕ್ ನಾಯ್ರ್ ಅನ್ನೋ ಹೆಸರಿಲ್ಲ. "ಮಜ್ಜಿಗಿ ಪೊಲೀಸರನ್ನ ಹಚ್ಚು" ಅಂದರೆ ಮುಗಿಯಿತು.

ಶುರುವಾಗಿದ್ದು ಮಳೆಯಿಂದ. ಜುಲೈನಲ್ಲಿ ಬೆಳಗಾವಿ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ವಾರಗಟ್ಟಲೆ ಬಿಸಿಲಿಲ್ಲ, ಜಿಟಿಜಿಟಿ ನಿಲ್ಲಲ್ಲ, ಪಡಸಾಲೆಯಲ್ಲಿ ಹಗ್ಗ ಕಟ್ಟಿ ಹರವಿದ ಬಟ್ಟೆ ಮೂರು ದಿನವಾದರೂ ಹಸಿ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು. ಸಂಜೆ ಐದಕ್ಕೇ ಲೈಟ್ ಹಾಕಬೇಕು. ಐದಾರು ವರ್ಷದ ಹಿಂದೆ ಅಂಥ ಒಂದು ವಾರದಲ್ಲಿ ನನ್ನ ಸೋದರಮಾವನ ಮಗ ಇಂಗ್ಲೆಂಡಿನಿಂದ ವಾಪಸ್ ಬಂದವನು ಒಂದು ಡಿವಿಡಿ ಡಬ್ಬಿ ಕೊಟ್ಟು ಹೋದ. "ಬರೇ ನೋಡಬೇಡ, ಕೂತು ನೋಡು" ಅಂದಿದ್ದ. ಇಪ್ಪತ್ತು ಎಪಿಸೋಡ್, ಒಂದೇ ಕೊಲೆ. ಒಂದು ಕೊಲೆಗೆ ಇಪ್ಪತ್ತು ತಾಸಾ ಅಂತ ನನಗೂ ಅನ್ನಿಸಿತ್ತು. ಹಳೇ ಲ್ಯಾಪ್‌ಟಾಪಿಗೆ ಹಾಕಿ ಟಿವಿಗೆ ವೈರ್ ಜೋಡಿಸಿಕೊಂಡು ಕೂತೆ.

ಹೆಂಡತಿಗೆ ಬೆಳಗ್ಗೆ ಬೇಗ ಡ್ಯೂಟಿ, ಒಂಬತ್ತೂವರೆಗೆ ಮಲಗ್ತಾಳೆ. ಅವ್ವನಿಗೆ ನಿದ್ದೆ ಬರಲ್ಲ. ಅವಳ ಧಾರಾವಾಹಿಗಳೆಲ್ಲ ಮುಗಿದ ಮೇಲೆ ಬಂದು ನನ್ನ ಪಕ್ಕದಲ್ಲಿ ಕೌದಿ ಹೊದ್ದುಕೊಂಡು ಕೂತಳು. ಎರಡು ನಿಮಿಷ ನೋಡಿದಳು. ಕೆಳಗೆ ಇಂಗ್ಲಿಷ್ ಅಕ್ಷರ ಓಡ್ತಾ ಇದೆ, ಮಾತು ಡ್ಯಾನಿಶ್, ಅವ್ವನಿಗೆ ಎರಡೂ ಬರಲ್ಲ. "ಒಬ್ಬಾವ ನೋಡತಿಯಲ್ಲ, ಜೋರಾಗಿ ಓದು" ಅಂದಳು. ಹಾಗೆ ಓದೋಕೆ ಶುರುಮಾಡಿದವನು ಇವತ್ತಿಗೂ ಓದ್ತಾ ಇದ್ದೀನಿ. ಐವತ್ತೈದು ನಿಮಿಷದ ಎಪಿಸೋಡ್ ನಮ್ಮ ಮನೆಯಲ್ಲಿ ಒಂದೂವರೆ ತಾಸು ಹಿಡಿಯುತ್ತೆ.

ಆ ಮೊದಲ ಸೀರಿಯಲ್ ಡೆನ್ಮಾರ್ಕಿನ 'ಫೋರ್‌ಬ್ರುಡೆಲ್ಸನ್'. ಹೊರಗಿನವರಿಗೆ 'ದಿ ಕಿಲ್ಲಿಂಗ್' ಅಂತ ಗೊತ್ತು, ಆದರೆ ಮೂಲದ ಹೆಸರಿನ ಅರ್ಥ 'ಅಪರಾಧ' ಅಂತ ಅಷ್ಟೇ. 2007ರಲ್ಲಿ ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಡಿಆರ್ ಮಾಡಿದ್ದು, ಬರೆದವರು ಸೋರೆನ್ ಸ್ವೈಸ್ಟ್ರಪ್. ನವೆಂಬರ್ ತಿಂಗಳು, ಹತ್ತೊಂಬತ್ತರ ಹುಡುಗಿ ಕಾಣೆಯಾಗ್ತಾಳೆ, ಕಾಲುವೆಯಿಂದ ಮೇಲೆತ್ತಿದ ಕಾರಿನ ಡಿಕ್ಕಿಯಲ್ಲಿ ಹೆಣ ಸಿಗುತ್ತೆ, ಕಾರು ನೋಡಿದರೆ ಮೇಯರ್ ಆಗೋಕೆ ಹೊರಟ ಒಬ್ಬ ರಾಜಕಾರಣಿಯ ಪ್ರಚಾರ ಕಚೇರಿಯದು. ಒಂದು ಎಪಿಸೋಡ್ ಅಂದರೆ ತನಿಖೆಯ ಒಂದು ದಿನ. ಇಪ್ಪತ್ತು ಎಪಿಸೋಡ್, ಇಪ್ಪತ್ತು ದಿನ.

ತನಿಖೆ ಮಾಡೋದು ಸಾರಾ ಲುಂಡ್. ಪಾತ್ರ ಮಾಡಿದವರು ಸೋಫಿ ಗ್ರಾಬೋಲ್. ಲುಂಡ್‌ಗೆ ಅದು ಕೆಲಸದ ಕೊನೆಯ ದಿನ, ಮಗನನ್ನ ಕರಕೊಂಡು ಸ್ವೀಡನ್‌ಗೆ ಹೊರಡಬೇಕು, ಹೊಸ ಸಂಸಾರ ಕಾಯ್ತಾ ಇದೆ. ಹೋಗಲ್ಲ. ನಾಳೆ ಹೋಗ್ತೀನಿ, ನಾಡಿದ್ದು ಹೋಗ್ತೀನಿ ಅಂತಾಳೆ. ಮೈಮೇಲೆ ಯಾವಾಗಲೂ ಕಪ್ಪು ಬಿಳುಪು ಚಿತ್ತಾರದ ಒಂದು ಉಣ್ಣೆ ಸ್ವೆಟರ್. ಫೇರೋ ದ್ವೀಪದಲ್ಲಿ ಕೈಯಲ್ಲಿ ಹೆಣೆದದ್ದು, ಸೀರಿಯಲ್ ಬಿಬಿಸಿಯಲ್ಲಿ 2011ರಲ್ಲಿ ಬಂದ ಮೇಲೆ ಇಂಗ್ಲೆಂಡಿನಲ್ಲಿ ಜನ ಅದನ್ನ ಹುಡುಕಿ ಹುಡುಕಿ ತಗೊಂಡರಂತೆ. ಅವ್ವನಿಗೆ ಅದೇ ದೊಡ್ಡ ಪ್ರಶ್ನೆ. "ಆರು ದಿವಸಾತು, ಅದ ಸ್ವೆಟರ್. ಒಗಿಯೂದಿಲ್ಲೇನು ಈಕಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಪಡಸಾಲೆಯ ಹಗ್ಗ ನೋಡಿ, ತಾನೇ ಹೇಳಿದಳು: "ಒಗದ್ರ ಒಣಗಬೇಕಲ್ಲ."

ಆ ಸೀರಿಯಲ್‌ನ ಮೊದಲ ಎಪಿಸೋಡಿನಲ್ಲಿ ಒಂದು ಜಾಗ ಇದೆ. ನಾನು ಎಷ್ಟೋ ಥ್ರಿಲ್ಲರ್ ನೋಡಿದೀನಿ, ಹೆಣ ಸಿಗುವ ಸೀನ್ ಅಂದರೆ ಏನು ಅಂತ ಗೊತ್ತು. ಹೆಣ, ಸುತ್ತ ಪಟ್ಟಿ, ಫೋಟೋ, ಪತ್ತೇದಾರ ಕೈಗವಸು ಹಾಕಿಕೊಳ್ಳೋದು, ಮುಗೀತು. ಇಲ್ಲಿ ಹಾಗಲ್ಲ. ಹುಡುಗಿಯ ಅಪ್ಪ ಟೈಸ್ ಮನೆ ಸಾಮಾನು ಸಾಗಿಸುವ ಕಂಪನಿ ನಡೆಸೋನು, ದಪ್ಪ ಆಳು, ಮಾತು ಕಡಿಮೆ. ಅವನು ಮಗಳನ್ನ ಹುಡುಕಿಕೊಂಡು ಕಾರು ಎತ್ತುವ ಜಾಗಕ್ಕೇ ಬಂದುಬಿಡ್ತಾನೆ. ಅವನ ಕೈಯಲ್ಲಿ ಫೋನಿದೆ, ಆ ಕಡೆ ಹೆಂಡತಿ ಪೆರ್ನಿಲೆ ಇದ್ದಾಳೆ. ಪೊಲೀಸರು ಅವನನ್ನ ಹಿಡಿದುಕೊಳ್ತಾರೆ, ಅವನು ಕೂಗ್ತಾನೆ. ಪೆರ್ನಿಲೆಗೆ ಏನೂ ಕಾಣಲ್ಲ. ಆ ಕೂಗು ಮಾತ್ರ ಕೇಳುತ್ತೆ, ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯುತ್ತೆ.

ಅಲ್ಲಿ ಸಬ್‌ಟೈಟಲ್ ಇಲ್ಲ. ಓದೋಕೆ ಏನೂ ಇರಲಿಲ್ಲ.

ಅವ್ವ ಎದ್ದು ಅಡಿಗೆಮನೆಗೆ ಹೋದಳು. ಹಾಲು ಕಾಸೋಕೆ ಹೋಗಿರಬೇಕು ಅಂದುಕೊಂಡೆ. ಹತ್ತು ನಿಮಿಷವಾದರೂ ಬರಲಿಲ್ಲ. ಹೋಗಿ ನೋಡಿದರೆ ಗ್ಯಾಸ್ ಹಚ್ಚಿಲ್ಲ, ಸುಮ್ನೆ ನಿಂತಿದ್ದಾಳೆ. "ನಿಮ್ಮ ಕಾಕಾ ಹೋದಾಗ ಹಿಂಗ ಆಗಿತ್ತು" ಅಂದಳು. 1994ರಲ್ಲಿ ಕಾಕಾ ಸಂಕೇಶ್ವರದ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ತೀರಿಹೋದದ್ದು ನನಗೆ ಗೊತ್ತು. ಫೋನಿನ ಕಥೆ ಗೊತ್ತಿರಲಿಲ್ಲ. ಆಗ ನಮ್ಮನೆಯಲ್ಲಿ ಫೋನ್ ಇರಲಿಲ್ಲ, ಪಕ್ಕದ ಮನೆಗೆ ಬರ್ತಿತ್ತು. ಕರೆದರು ಅಂತ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಹೋಗಿದ್ದಾಳೆ. ರಿಸೀವರ್ ಕಿವಿಗಿಟ್ಟರೆ ಆ ಕಡೆ ಅಪ್ಪ ಮಾತಾಡ್ತಾ ಇಲ್ಲ, ಉಸಿರು ಎಳೆಯೋದು, ಹಿಂದೆ ಲಾರಿಗಳ ಹಾರ್ನ್, ಅಷ್ಟೇ. ಆ ಫೋನಿನ ಮೇಲೆ ಕ್ರೋಶಾ ಹಾಕಿದ ಬಿಳಿ ವಸ್ತ್ರ ಹೊದಿಸಿದ್ದರಂತೆ. ಅದಕ್ಕೆ ಇವಳ ಕೈಯ ಜೋಳದ ಹಿಟ್ಟು ಹತ್ತಿತು. ಆಮೇಲೆ ಎಷ್ಟೋ ದಿನ, ಪಾಪ ಅವರ ವಸ್ತ್ರ ಹೊಲಸು ಮಾಡಿದೆ, ಒಗೆದು ಕೊಡಲಿಲ್ಲ ಅಂತ ಅದನ್ನೇ ನೆನೆಸ್ತಿದ್ದಳಂತೆ.

ನಾನು ಅವತ್ತು ಮುಂದೆ ಹಾಕಲಿಲ್ಲ. ಇನ್ನು ಇದು ಬಂದ್ ಅಂದುಕೊಂಡೆ. ಮರುದಿನ ರಾತ್ರಿ ಅವಳೇ ಬಂದು ಕೂತಳು. "ಆ ಹೆಣ್ಮಗಳು ಮುಂದ ಏನ್ ಮಾಡಿದಳು ನೋಡೂನು" ಅಂದಳು. ಕೊಲೆಗಾರ ಯಾರು ಅಂತ ಕೇಳಲಿಲ್ಲ, ಗಮನಿಸಿ.

ಆಮೇಲೆ ನಾನೂ ಅದನ್ನೇ ನೋಡೋಕೆ ಶುರುಮಾಡಿದೆ. ಬೇರೆ ಪತ್ತೇದಾರಿ ಕಥೆಗಳಲ್ಲಿ ಸತ್ತವರ ಮನೆಯವರು ಮೊದಲ ಹತ್ತು ನಿಮಿಷ ಅತ್ತು ಮಾಯವಾಗ್ತಾರೆ, ಇಲ್ಲ ಕೊನೆಯಲ್ಲಿ ಕೊಲೆಗಾರರೇ ಆಗಿರ್ತಾರೆ. ಇಲ್ಲಿ ಟೈಸ್, ಪೆರ್ನಿಲೆ ಇಪ್ಪತ್ತೂ ದಿನ ಇರ್ತಾರೆ. ಸಣ್ಣ ಮಕ್ಕಳಿಬ್ಬರಿಗೆ ಅಕ್ಕ ಇಲ್ಲ ಅಂತ ಹೇಳಬೇಕು. ಮಣ್ಣಿಗೆ ಏರ್ಪಾಟು ಮಾಡಬೇಕು. ಕೆಳಗೆ ಗ್ಯಾರೇಜಿನಲ್ಲಿ ಗಾಡಿಗಳು ನಿಂತಿವೆ, ಹುಡುಗರು ಕೆಲಸ ಕೇಳ್ತಾ ಇದ್ದಾರೆ, ಬ್ಯಾಂಕಿನ ಸಾಲ ನಿಲ್ಲಲ್ಲ. ಪೊಲೀಸರು ಇವತ್ತು ಒಬ್ಬನ ಮೇಲೆ ಅನುಮಾನ ಪಟ್ಟರೆ ಸಂಜೆ ಆ ಮನೆಯಲ್ಲಿ ಅದು ಬೆಂಕಿ ಹಾಕುತ್ತೆ. ನಾಳೆ ಪೊಲೀಸರು ಇವನಲ್ಲ ಬಿಡಿ ಅಂತಾರೆ, ಬೆಂಕಿ ಮಾತ್ರ ಆರಲ್ಲ. ಡಿಆರ್‌ನವರದ್ದು ಒಂದು ರೂಢಿ ಇದೆಯಂತೆ: ಕಥೆ ಯಾವಾಗಲೂ ಎರಡು ಮಡಿಕೆ ಇರಬೇಕು, ಮೇಲೆ ಕಥೆ, ಒಳಗೆ ಸಮಾಜದ ಒಂದು ಪ್ರಶ್ನೆ. ಭಾಷಣ ಅನ್ನಿಸದ ಹಾಗೆ ಮಾಡೋದು ಸುಲಭ ಅಲ್ಲ, ಇಲ್ಲಿ ಮಾಡಿದಾರೆ.

ಇನ್ನೊಂದು ತಮಾಷೆ. ಶೂಟಿಂಗ್ ನಡೀತಾ ಇರುವಾಗಲೇ ಮುಂದಿನ ಎಪಿಸೋಡ್ ಬರೀತಿದ್ದರು, ಕೊಲೆಗಾರ ಯಾರು ಅಂತ ನಟರಿಗೇ ಹೇಳಿರಲಿಲ್ಲ. ಹೀಗಾಗಿ ಪ್ರತಿಯೊಬ್ಬರೂ ನಾನಿರಬಹುದಾ ಅನ್ನೋ ಮುಖ ಮಾಡಿಕೊಂಡೇ ಓಡಾಡ್ತಾರೆ. ಅವ್ವ ಪ್ರತಿ ಎಪಿಸೋಡಿಗೂ ಒಬ್ಬರನ್ನ ಹಿಡಿದಳು. ಇಪ್ಪತ್ತು ಮುಗಿಯೋ ಹೊತ್ತಿಗೆ ಲುಂಡ್‌ಳ ತಾಯಿಯನ್ನ ಬಿಟ್ಟು ಎಲ್ಲರ ಹೆಸರೂ ಬಂದಿತ್ತು. "ಆಕಿ ಮದಿವಿ ಬಟ್ಟಿ ಹೊಲೀತಾಳ, ಆಕೀಗೆ ಪುರಸೊತ್ತ ಎಲ್ಲೈತಿ" ಅಂತ ಕಾರಣ.

ಓದಿ ಹೇಳೋದರಲ್ಲಿ ಒಂದು ಪೇಚಿದೆ. ಇದು ಒಬ್ಬನೇ ನೋಡೋರಿಗೆ ಗೊತ್ತಾಗಲ್ಲ. ಇಂಗ್ಲಿಷ್‌ನಲ್ಲಿ ಎಲ್ಲಾ 'ಯೂ'. ಕನ್ನಡಕ್ಕೆ ತರುವಾಗ ನೀನು ಅನ್ನಲಾ, ನೀವು ಅನ್ನಲಾ? ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯಿಂದ ಎಲ್ಲರೂ ಎಲ್ಲರಿಗೂ 'ದು' ಅಂತಾರೆ, ಅಂದರೆ ನೀನು. ಮೇಲಧಿಕಾರಿಗೂ ನೀನು, ಮೇಷ್ಟ್ರಿಗೂ ನೀನು, ಹೆಸರು ಹಿಡಿದೇ ಕರೆಯೋದು. ಡೆನ್ಮಾರ್ಕಿನಲ್ಲೂ ಹೆಚ್ಚುಕಡಿಮೆ ಅದೇ. ನಾನು ಮೊದಲ ದಿನ ಅದನ್ನ ಹಾಗೇ ಹೇಳಿದೆ. ಪೇದೆಯಂಥವನೊಬ್ಬ ಬಂದು ಸಾಹೇಬನಿಗೆ "ನೀನು ಹೇಳಿದ ಫೈಲು ಇಲ್ಲಿದೆ" ಅಂದ. ಅವ್ವ ನನ್ನ ತೊಡೆಗೆ ಹೊಡೆದಳು. "ಸಾಹೇಬಗ ನೀ ಅಂತಾನೇನು? ಸರಿಯಾಗಿ ಓದು." ಅಲ್ಲಿಂದ ನಾನು ಎಲ್ಲರಿಗೂ 'ರೀ ಸರ್', 'ರೀ ಬಾಯಾರ' ಸೇರಿಸಿ ಓದ್ತೀನಿ. ಕೋಪನ್‌ಹೇಗನ್ ಠಾಣೆ ನಮ್ಮ ಖಡೇಬಜಾರಿನ ಠಾಣೆ ಥರ ಕೇಳಿಸುತ್ತೆ, ಏನ್ ಮಾಡೋದು.

ಒಬ್ಬಳಿಗೆ ಮಾತ್ರ ರೀ ಹಚ್ಚಲಿಲ್ಲ. ಸಾಗಾ ನೊರೇನ್.

'ದಿ ಬ್ರಿಜ್' ನೋಡದವರು ದಯವಿಟ್ಟು ನೋಡಿ, ಮೂಲದ್ದೇ ನೋಡಿ. ಸ್ವೀಡನ್, ಡೆನ್ಮಾರ್ಕ್ ಸೇರಿ 2011ರಲ್ಲಿ ಶುರುಮಾಡಿದ್ದು, 2018ರವರೆಗೆ ನಾಲ್ಕು ಸೀಸನ್. ಎರಡು ದೇಶದ ನಡುವೆ ಸಮುದ್ರದ ಮೇಲೆ ಓರೆಸುಂಡ್ ಸೇತುವೆ ಇದೆ, ಸುಮಾರು 8 ಕಿಲೋಮೀಟರ್, 2000ದಲ್ಲಿ ತೆರೆದದ್ದು. ಒಂದು ರಾತ್ರಿ ಸೇತುವೆಯ ದೀಪ ಆರುತ್ತೆ. ಮತ್ತೆ ಬಂದಾಗ ಸರಿಯಾಗಿ ಗಡಿ ಗೆರೆಯ ಮೇಲೆ ಒಂದು ಹೆಣ. ಸೊಂಟದ ಮೇಲಿನದು ಸ್ವೀಡನ್ ಕಡೆ, ಕೆಳಗಿನದು ಡೆನ್ಮಾರ್ಕ್ ಕಡೆ. ಎತ್ತಿ ನೋಡಿದರೆ ಅದು ಒಂದು ಹೆಣ ಅಲ್ಲ, ಇಬ್ಬರದು. ಹೀಗಾಗಿ ಎರಡೂ ಕಡೆ ಪೊಲೀಸರು ಸೇರಿ ತನಿಖೆ ಮಾಡಲೇಬೇಕು. ಸ್ವೀಡನ್ನಿನ ಮಾಲ್ಮೋದಿಂದ ಸಾಗಾ, ಕೋಪನ್‌ಹೇಗನ್‌ನಿಂದ ಮಾರ್ಟಿನ್ ರೋಡೆ.

ಇದನ್ನ ಗಡಿಯಲ್ಲಿ ಹುಟ್ಟಿದವರು ನೋಡೋ ರೀತಿಯೇ ಬೇರೆ. ನಾನು ಮೊದಲ ಹತ್ತು ನಿಮಿಷ ಓದಿ ಹೇಳಿದ್ದಷ್ಟೇ, ಅವ್ವ ಶುರುಮಾಡಿದಳು. ಅವಳ ತವರಿನಲ್ಲಿ, ಅವಳು ಸಣ್ಣವಳಿದ್ದಾಗ, ಮಳೆಗಾಲದಲ್ಲಿ ದೂಧಗಂಗೆಯಲ್ಲಿ ಒಂದು ಹೆಣ ತೇಲಿ ಬಂದಿತ್ತಂತೆ. ಈ ದಂಡೆಯವರು ನಮ್ಮದಲ್ಲ ಅಂದರು, ಆ ದಂಡೆಯವರೂ ನಮ್ಮದಲ್ಲ ಅಂದರು. ರಾತ್ರಿ ಯಾರೋ ಬಿದಿರಿನ ಗಳ ಹಾಕಿ ಆ ಕಡೆ ನೂಕಿದರು, ಬೆಳಗಿನ ಜಾವ ಮತ್ತೆ ಯಾರೋ ಈ ಕಡೆ ನೂಕಿದ್ದರು. ನಿಜವೋ, ಊರಿನ ನಗೆಚಾಟಿಕೆಯೋ ದೇವರೇ ಬಲ್ಲ. ಈಗ ಝೀರೋ ಎಫ್‌ಐಆರ್ ಅಂತ ಇದೆ, ಎಲ್ಲೇ ನಡೆದ ಅಪರಾಧವಾದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೇ ಅದನ್ನ ಸೇರಿಸಿದಾರೆ. ಅವ್ವನಿಗೆ ಇದನ್ನ ಹೇಳಿದೆ. "ಹೌದೌದು" ಅಂದಳು, ಆ 'ಹೌದೌದು' ಹೇಗಿತ್ತು ಅಂತ ನಿಮಗೆ ಗೊತ್ತಾಗಿರುತ್ತೆ.

ಭಾಷೆಯ ವಿಷಯಕ್ಕೆ ಬಂದರೆ ನನಗೆ ಹೊಟ್ಟೆಕಿಚ್ಚೇ ಆಗುತ್ತೆ. ಸಾಗಾ ಸ್ವೀಡಿಶ್‌ನಲ್ಲಿ ಕೇಳ್ತಾಳೆ, ಮಾರ್ಟಿನ್ ಡ್ಯಾನಿಶ್‌ನಲ್ಲಿ ಉತ್ತರ ಕೊಡ್ತಾನೆ, ಯಾರೂ ಅದನ್ನ ದೊಡ್ಡದು ಮಾಡಲ್ಲ. ಸಬ್‌ಟೈಟಲ್‌ನಲ್ಲಿ ಎಲ್ಲಾ ಒಂದೇ ಇಂಗ್ಲಿಷ್ ಆಗಿ ಬರೋದರಿಂದ ಹೊರಗಿನವರಿಗೆ ಎಷ್ಟೋ ಹೊತ್ತು ಇದು ಗೊತ್ತೇ ಆಗಲ್ಲ. ನಮ್ಮ ಶಹಾಪುರದ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಗಿರಾಕಿ ಕನ್ನಡದಲ್ಲಿ ರೇಟ್ ಕೇಳ್ತಾರೆ, ಅಂಗಡಿಯವರು ಮರಾಠಿಯಲ್ಲಿ ಹೇಳ್ತಾರೆ, ಗಿರಾಕಿ ಕನ್ನಡದಲ್ಲಿ ಚೌಕಾಸಿ ಮಾಡ್ತಾರೆ, ವ್ಯಾಪಾರ ಮುಗಿಯುತ್ತೆ. ಜಗಳ ಆಗೋದು ಅಂಗಡಿಯಲ್ಲಲ್ಲ, ಬೇರೆ ಕಡೆ, ಆ ವಿಷಯ ಇಲ್ಲಿ ಬೇಡ. ನಮ್ಮಲ್ಲಿ ಯಾಕೆ ಹೀಗೆ ಎರಡೂ ಭಾಷೆ ಸಹಜವಾಗಿ ಓಡಾಡೋ ಒಂದು ಸೀರಿಯಲ್ ಬರಲ್ಲ ಅನ್ನೋದಷ್ಟೇ ನನ್ನ ಗೊಣಗಾಟ. ಸೇತುವೆಗೇನು ಕಡಿಮೆಯಾ ನಮ್ಮಲ್ಲಿ. 2021ರಲ್ಲಿ ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ಕೋವಿಡ್‌ನ ಆರ್‌ಟಿಪಿಸಿಆರ್ ರಿಪೋರ್ಟ್ ಇಲ್ಲದೆ ಬಿಡ್ತಿರಲಿಲ್ಲ, ಕಾಗಲ್‌ನಲ್ಲಿರೋ ಮಾವಶಿಗೆ ಅವ್ವ ಮಾಡಿದ ಎಳ್ಳು ಹೋಳಿಗೆ ಗಡಿ ದಾಟಲಿಲ್ಲ. 2016ರ ಜನವರಿಯಲ್ಲಿ ಸ್ವೀಡನ್ನಿನವರೂ ಡೆನ್ಮಾರ್ಕಿನಿಂದ ಬರೋ ರೈಲಿನವರಿಗೆ ಗುರುತಿನ ಚೀಟಿ ತೋರಿಸಿ ಅಂದಿದ್ದರು. ಅಷ್ಟು ವರ್ಷ ದಿನಾ ಆ ಕಡೆ ಈ ಕಡೆ ನೌಕರಿಗೆ ಓಡಾಡಿದವರಿಗೆ ಹೇಗನ್ನಿಸಿರಬೇಕು ಅಂತ ಕೊಗನೊಳ್ಳಿಯಲ್ಲಿ ನಿಂತವರು ಊಹೆ ಮಾಡಬಹುದು.

ಸಾಗಾಗೆ ರೀ ಯಾಕೆ ಹಚ್ಚಲಿಲ್ಲ ಅಂದರೆ, ಅದು ಅವಳ ಬಾಯಿಗೆ ಹೊಂದಲ್ಲ. ಸೇತುವೆಯ ಮೇಲೆ ಹೃದಯ ರೋಗಿಯನ್ನ ಹೊತ್ತ ಆಂಬ್ಯುಲೆನ್ಸ್ ಬರುತ್ತೆ. ಸಾಗಾ ಬಿಡಲ್ಲ ಅಂತಾಳೆ, ಸಾಕ್ಷ್ಯ ಹಾಳಾಗುತ್ತೆ. ಮಾರ್ಟಿನ್ ಬಿಡ್ತಾನೆ. ಇವಳು ಅಲ್ಲೇ ನಿಂತು, ನಾನು ನಿನ್ನ ಮೇಲೆ ದೂರು ಕೊಡ್ತೀನಿ ಅಂತಾಳೆ, ಕೊಡ್ತಾಳೆ ಕೂಡ. ಸಿಟ್ಟಿಲ್ಲ, ಜಂಬ ಇಲ್ಲ. ಆಫೀಸಿನಲ್ಲಿ ಎಲ್ಲರೆದುರೇ ಅಂಗಿ ಬದಲಿಸ್ತಾಳೆ, ಯಾರಾದರೂ ನಕ್ಕರೆ ಯಾಕೆ ನಕ್ಕಿರಿ ಅಂತ ನಿಜವಾಗಲೂ ಗೊತ್ತಾಗಲ್ಲ. ಅವಳಿಗೆ ಹೀಗಿದೆ ಅಂತ ಸೀರಿಯಲ್ ಎಲ್ಲೂ ಒಂದು ಕಾಯಿಲೆಯ ಹೆಸರಿಟ್ಟು ಹೇಳಲ್ಲ. ಸೋಫಿಯಾ ಹೆಲಿನ್ ಆ ಪಾತ್ರ ಮಾಡಿದ ರೀತಿ ಇದೆಯಲ್ಲ, ಒಂದು ಕಡೆ ನೋಡಿ ನಗ್ತೀವಿ, ಮುಂದಿನ ಸೀನಿನಲ್ಲಿ ನಕ್ಕಿದ್ದಕ್ಕೆ ನಾಚಿಕೆ ಆಗುತ್ತೆ. ನಾನು ಅವಳ ಮಾತನ್ನೆಲ್ಲ ನೀನು ಅಂತಲೇ ಓದಿದೆ, ಯಾವ ಉಪ್ಪುಖಾರ ಹಚ್ಚದೆ. ಅವ್ವ ಈ ಸಲ ತೊಡೆಗೆ ಹೊಡೆಯಲಿಲ್ಲ. ಎರಡನೇ ದಿನ ಕೇಳಿದಳು, "ಈ ಹುಡುಗಿಗೆ ಅವ್ವ ಇಲ್ಲೇನು?" ಆ ಪ್ರಶ್ನೆಗೆ ಉತ್ತರ ಬರೋಕೆ ಮೂರನೇ ಸೀಸನ್‌ವರೆಗೆ ಕಾಯಬೇಕು. ಅವ್ವ ಅಷ್ಟು ಬೇಗ ಹೇಗೆ ಮುಟ್ಟಿದಳೋ.

ಕತ್ತಲಿನ ಬಗ್ಗೆ ಎಲ್ಲರೂ ಬರೀತಾರೆ, ನಾನು ಜಾಸ್ತಿ ಎಳೆಯಲ್ಲ. ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ಹಗಲು 7 ತಾಸು, ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 4 ತಾಸು. ನಮ್ಮಲ್ಲಿ ಆಗಲೂ 11 ತಾಸು ಬೆಳಕಿರುತ್ತೆ. ವಿಜಯಪುರದಲ್ಲಿರೋ ನನ್ನ ಹೆಂಡತಿಯ ಅಣ್ಣನಿಗೆ ನಾನೇ ಒತ್ತಾಯ ಮಾಡಿ ಇದನ್ನ ನೋಡಿಸಿದೆ, ಮೇ ತಿಂಗಳಲ್ಲಿ, ಮಧ್ಯಾಹ್ನ, ಕಿಟಕಿಗೆ ಒದ್ದೆ ಚಾಪೆ ಕಟ್ಟಿಕೊಂಡು. "ನಿಮ್ಮ ಪೊಲೀಸರು ಥಂಡಿ ಅಂತ ಕೈ ತಿಕ್ಕೊಳ್ಳೂದು ನೋಡಿ ಹೊಟ್ಟಿ ಉರೀತು" ಅಂತ ಫೋನ್ ಮಾಡಿದ. ಇವು ಜುಲೈ, ಆಗಸ್ಟಿನಲ್ಲಿ ನೋಡೋವು, ಅದೂ ಬೆಳಗಾವಿ, ಖಾನಾಪುರದ ಕಡೆ. ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಮಂಜಿನಲ್ಲಿ ಸಂಜೆ ಒಮ್ಮೆ ಗಾಡಿ ಓಡಿಸಿ ಬಂದು ಕೂತರೆ ಇನ್ನೂ ಒಳ್ಳೇದು.

ಐಸ್‌ಲ್ಯಾಂಡಿನ 'ಟ್ರ್ಯಾಪ್ಡ್' ಅವ್ವನ ಪ್ರೀತಿಯದು, ಕಾರಣ ಮಾತ್ರ ಕೊಲೆ ಅಲ್ಲ. 2015ರದು, ಬಾಲ್ತಸಾರ್ ಕೊರ್ಮಾಕುರ್ ಹುಟ್ಟುಹಾಕಿದ್ದು. ಸಣ್ಣ ಬಂದರು ಊರು, ಡೆನ್ಮಾರ್ಕಿನಿಂದ ಹಡಗು ಬರೋ ಹೊತ್ತಿಗೇ ಮೀನಿನ ಬಲೆಯಲ್ಲಿ ಕೈಕಾಲಿಲ್ಲದ ಒಂದು ಮುಂಡ ಸಿಗುತ್ತೆ. ಹಿಮದ ಬಿರುಗಾಳಿ, ರಸ್ತೆ ಬಂದ್, ರಾಜಧಾನಿಯಿಂದ ತಜ್ಞರು ಬರೋ ಹಾಗಿಲ್ಲ. ಊರಿನ ಮೂವರು ಪೊಲೀಸರೇ ಎಲ್ಲ ನೋಡಿಕೊಳ್ಳಬೇಕು. ಹೆಣ ಇಡೋಕೆ ಶವಾಗಾರ ಎಲ್ಲಿಂದ ಬರಬೇಕು, ಮೀನಿನ ಫ್ಯಾಕ್ಟರಿಯ ಫ್ರೀಜರಿನಲ್ಲಿ ಇಡ್ತಾರೆ.

ಊರಿನ ಪೊಲೀಸ್ ಮುಖ್ಯಸ್ಥ ಆಂಡ್ರಿ, ದೊಡ್ಡ ಗಡ್ಡ, ಆನೆಯಂಥ ಮೈ, ಗುಂಡಿ ಹಾಕದ ಕೋಟು. ಹೆಂಡತಿ ಬಿಟ್ಟು ಹೋಗಿದಾಳೆ, ಆದರೂ ಇವನು ಮಕ್ಕಳ ಜೊತೆ ಅತ್ತೆ ಮಾವನ ಮನೆಯಲ್ಲೇ ಇದ್ದಾನೆ. ಬಿರುಗಾಳಿಗೆ ಮೊದಲು ಆ ಹೆಂಡತಿ ಹೊಸ ಗೆಳೆಯನನ್ನ ಕರಕೊಂಡು ಅದೇ ಮನೆಗೆ ಬರ್ತಾಳೆ. ಈಗ ಎಲ್ಲರೂ ಒಂದೇ ಸೂರಿನ ಕೆಳಗೆ, ಹೊರಗೆ ಹೋಗೋ ಹಾಗಿಲ್ಲ. ಅವ್ವ ಕೌದಿ ತೆಗೆದು ಎದ್ದು ಕೂತಳು. "ಅಳಿಯಾನೂ ಇಲ್ಲೇ, ಹೊಸಾವನೂ ಇಲ್ಲೇ! ಊಟಕ್ಕ ಹೆಂಗ ಕೂಡಸ್ತಾಳ ಆ ಮುದುಕಿ?" ಮುಂಡ ಯಾರದು ಅನ್ನೋದು ಅವಳಿಗೆ ಮೂರು ಎಪಿಸೋಡ್ ನೆನಪೇ ಇರಲಿಲ್ಲ.

ನನಗೆ ಹಿಡಿಸಿದ್ದು ಬೇರೆ. ಊರಿಗೆ ದೊಡ್ಡ ಬಂದರು ಬರುತ್ತೆ, ಹೊರದೇಶದ ದುಡ್ಡು ಬರುತ್ತೆ ಅಂತ ಊರಿನ ನಾಲ್ಕು ದೊಡ್ಡ ಜನ ಮೊದಲೇ ಜಮೀನಿನ ಲೆಕ್ಕ ಹಾಕಿ ಕೂತಿರ್ತಾರೆ. ಇದಕ್ಕೆ ಸಬ್‌ಟೈಟಲ್ ಬೇಕಾ? ಊರ ಹೊರಗೆ ರಸ್ತೆ ಬರುತ್ತಂತೆ ಅನ್ನೋ ಗಾಳಿಸುದ್ದಿಗೆ ಹೊಲದ ರೇಟ್ ಏನಾಗುತ್ತೆ, ಸುದ್ದಿ ಮೊದಲು ಯಾರ ಕಿವಿಗೆ ಬೀಳುತ್ತೆ ಅಂತ ನಮಗೆ ಗೊತ್ತಿಲ್ವಾ. ನಮ್ಮ ದಾಯಾದಿಗಳು ಎರಡು ಎಕರೆ ಹೀಗೇ ಮಾರಿಕೊಂಡರು, ಮಾರಿದ ಎಂಟು ತಿಂಗಳಿಗೆ ರೇಟ್ ಮೂರು ಪಟ್ಟಾಯಿತು. ತಗೊಂಡವರ ಹೆಸರು ಬೇಡ.

ಒಂದು ಮಾತು ಸೇರಿಸಿಬಿಡ್ತೀನಿ. ಐಸ್‌ಲ್ಯಾಂಡಿನಲ್ಲಿ ಗಸ್ತಿನ ಪೊಲೀಸರ ಸೊಂಟದಲ್ಲಿ ಪಿಸ್ತೂಲು ಇರಲ್ಲ. ಪೊಲೀಸರ ಗುಂಡಿಗೆ ಅಲ್ಲಿ ಮೊದಲ ಬಾರಿ ಒಬ್ಬ ಸತ್ತದ್ದು 2013ರ ಡಿಸೆಂಬರಿನಲ್ಲಿ, ಅವತ್ತು ಪೊಲೀಸರು ಸತ್ತವನ ಮನೆಯವರಿಗೆ ಬಹಿರಂಗವಾಗಿ ದುಃಖ ಹೇಳಿಕೊಂಡರು. ಅಂಥ ದೇಶದವರು ಕೂತು ಇಂಥ ಭಯಂಕರ ಕೊಲೆಗಳನ್ನ ಕಲ್ಪನೆ ಮಾಡ್ತಾರೆ. ಅವರ ಹೆಸರಿನ ಪದ್ಧತಿಯೂ ಮಜವಾಗಿದೆ: ಆಂಡ್ರಿ ಪಾತ್ರ ಮಾಡಿದವರು ಓಲಾಫುರ್ ದಾರಿ ಓಲಾಫ್‌ಸನ್, ಅಂದರೆ ಓಲಾಫನ ಮಗ. ಮನೆತನದ ಹೆಸರು ಹೆಚ್ಚಿನವರಿಗೆ ಇಲ್ಲ, ಫೋನ್ ಪುಸ್ತಕದಲ್ಲೂ ಮೊದಲ ಹೆಸರಿನ ಸಾಲೇ ಇರ್ತಿತ್ತು. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತೆಲ್ಲ ಅಡ್ಡಹೆಸರು ಇರೋ ನಮ್ಮ ಕಡೆಯವರಿಗೆ ಇದು ಸಪ್ಪೆ ಅನ್ನಿಸಬಹುದು.

ಇದೆಲ್ಲಾ ಟಿವಿಯಲ್ಲಿ ಹುಟ್ಟಿದ್ದಲ್ಲ. 1965ರಿಂದ 1975ರವರೆಗೆ ಸ್ವೀಡನ್ನಿನ ಮಾಯ್ ಶೋವಾಲ್, ಪೆರ್ ವಾಲೋ ಅನ್ನೋ ಜೋಡಿ ಹತ್ತು ಕಾದಂಬರಿ ಬರೆದರು, ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು, ಒಂದು ಅಧ್ಯಾಯ ಇವರು, ಒಂದು ಅವರು. ಎಲ್ಲಾ ಸೌಲಭ್ಯ ಕೊಡೋ ಸರ್ಕಾರದ ಒಳಗೆ ಏನು ಕೊಳೀತಾ ಇದೆ ಅಂತ ಪೊಲೀಸ್ ಕಥೆಯಲ್ಲಿ ಹೇಳೋದು ಅವರ ಉದ್ದೇಶ. 1991ರಲ್ಲಿ ಹೆನ್ನಿಂಗ್ ಮಾನ್ಕೆಲ್ ಅವರ ಕಾದಂಬರಿಯ ಪೊಲೀಸ್ ಪತ್ತೇದಾರ ವಾಲಾಂಡರ್ ಬಂದ. ನಡುವೆ, 1986ರ ಫೆಬ್ರುವರಿ 28ರ ರಾತ್ರಿ, ಸ್ವೀಡನ್ ಪ್ರಧಾನಿ ಓಲೋಫ್ ಪಾಮೆ ಹೆಂಡತಿಯ ಜೊತೆ ಸಿನಿಮಾ ನೋಡಿ ಮನೆಗೆ ನಡೆದುಕೊಂಡು ಹೋಗ್ತಿದ್ದಾಗ ಗುಂಡು ಹಾರಿಸಿ ಕೊಂದರು. ಅಂಗರಕ್ಷಕರಿಲ್ಲ. 2020ರಲ್ಲಿ ತನಿಖೆ ಮುಚ್ಚಿದರು, ಕೋರ್ಟಿನಲ್ಲಿ ಇವನೇ ಅಂತ ಇವತ್ತಿಗೂ ಯಾರ ಮೇಲೂ ನಿಂತಿಲ್ಲ. ಇದನ್ನ ತಿಳಿದುಕೊಂಡ ಮೇಲೆ ಈ ಕಥೆಗಳಲ್ಲಿ ಕೇಸು ಮುಗಿದರೂ ಯಾರ ಮುಖದಲ್ಲೂ ಗೆಲುವು ಕಾಣಲ್ಲ ಯಾಕೆ ಅಂತ ನನಗೆ ಸ್ವಲ್ಪ ಅರ್ಥ ಆಯಿತು.

ದೂರುಗಳೂ ಇವೆ. ಸಾಯೋದು ಯಾವಾಗಲೂ ಹುಡುಗಿಯರೇ ಯಾಕೆ? ಅದೂ ಎಷ್ಟು ಚೆಂದ ಮಾಡಿ ತೋರಿಸ್ತಾರೆ ಹೆಣವನ್ನ, ಹಿಮ, ಕೆಂಪು, ಮೇಲಿನಿಂದ ಕ್ಯಾಮೆರಾ. 2021ರ 'ದಿ ಚೆಸ್ಟ್‌ನಟ್ ಮ್ಯಾನ್' ಬರವಣಿಗೆಯಲ್ಲಿ ಗಟ್ಟಿ, ಅದೂ ಸ್ವೈಸ್ಟ್ರಪ್ ಅವರದ್ದೇ ಕಾದಂಬರಿ, ಆದರೆ ಕೆಲವು ಸೀನಿನಲ್ಲಿ ನಾನೇ ಓಡಿಸಿದೆ, ಅವ್ವನಿಗೆ "ಇಲ್ಲಿ ಡಿಸ್ಕ್ ಕೆಟ್ಟೈತಿ" ಅಂದೆ. ನೆಟ್‌ಫ್ಲಿಕ್ಸ್‌ನಲ್ಲಿ ಎಲ್ಲಿಯ ಡಿಸ್ಕು. ಪೊಲೀಸರ ಸಂಸಾರ ಯಾವಾಗಲೂ ಕೆಟ್ಟಿರಬೇಕು ಅನ್ನೋದೂ ಸಾಕಾಗಿದೆ. ಲುಂಡ್‌ಳ ಮಗ ಒಬ್ಬನೇ ಕೂತಿದ್ದಾಗೆಲ್ಲ ಅವ್ವನಿಗೆ ಕೇಸು ಬೇಡ, "ಆ ಹುಡುಗ ಉಂಡಾನೋ ಇಲ್ಲೋ ಕೇಳು" ಅಂತ ನನ್ನ ಮೇಲೆ ಸಿಟ್ಟು.

ಈ ವಿಷಯದಲ್ಲಿ ಒಂದು ಸೀರಿಯಲ್‌ಗೆ ಕೈಮುಗೀತೀನಿ, 2020ರ 'ದಿ ಇನ್ವೆಸ್ಟಿಗೇಶನ್'. 2017ರಲ್ಲಿ ಕಿಮ್ ವಾಲ್ ಅನ್ನೋ ಸ್ವೀಡನ್ನಿನ ಪತ್ರಕರ್ತೆ ಸಂದರ್ಶನಕ್ಕೆ ಅಂತ ಒಬ್ಬನ ಜಲಾಂತರ್ಗಾಮಿ ಹತ್ತಿ ಹೋದವರು ವಾಪಸ್ ಬರಲಿಲ್ಲ. ಆ ನಿಜ ಕೇಸಿನ ಮೇಲೆ ಆರು ಎಪಿಸೋಡ್. ಕೊಂದವನ ಮುಖ ಒಂದು ಸಲವೂ ತೋರಿಸಲ್ಲ, ಹೆಸರು ಒಂದು ಸಲವೂ ಹೇಳಲ್ಲ. ಕೊಲೆಯನ್ನೂ ತೋರಿಸಲ್ಲ. ಇರೋದೆಲ್ಲ ದಿನಾ ಬೆಳಗ್ಗೆ ತಣ್ಣೀರಿಗೆ ಇಳಿಯೋ ಮುಳುಗುಗಾರರು, ವಾಸನೆ ಹಿಡಿಯೋ ನಾಯಿ, ಸಮುದ್ರದ ಸೆಳವಿನ ಲೆಕ್ಕ, ಮತ್ತೆ ಕಾಯೋ ತಂದೆ ತಾಯಿ. ಮುಗಿದ ಮೇಲೆ ನಾನು ಅವ್ವನಿಗೆ ಇದನ್ನ ಹೇಳಿದೆ, ನೋಡು ಅವನ ಹೆಸರೇ ಬರಲಿಲ್ಲ ಅಂತ. "ಯಾರದು?" ಅಂದಳು. ಅವಳಿಗೆ ಅವನ ನೆನಪೇ ಆಗಿರಲಿಲ್ಲ.

ಈ ವಾರ ನೋಡ್ತಾ ಇರೋದು ಫಿನ್‌ಲ್ಯಾಂಡಿನ ಒಂದು. ಹೆಸರು ಹೇಳಲ್ಲ, ಮುಂದೆ ಹೇಳೋ ವಿಷಯದಿಂದ ನಿಮಗೆ ಗುಟ್ಟು ರಟ್ಟಾಗಬಾರದು. ಅಲ್ಲಿನವರು ತಾಕ್ ಅನ್ನಲ್ಲ, ಕೀತೋಸ್ ಅಂತಾರೆ, ಹೀಗಾಗಿ ಅವ್ವನಿಗೆ ಮೊದಲ ದಿನ ಸ್ವಲ್ಪ ಬೇಜಾರಾಗಿತ್ತು. ಮೊನ್ನೆ ರಾತ್ರಿ ಒಳ್ಳೇ ಜಾಗದಲ್ಲಿ ಕರೆಂಟ್ ಹೋಯಿತು. ಅವ್ವ ಅರ್ಧ ತಾಸು ಕಾದು ಮಲಗಲು ಹೋದಳು. ನಾನು ತಡೆಯಲಾರದೆ ಕೌದಿಯೊಳಗೆ ಮೊಬೈಲ್ ಇಟ್ಟುಕೊಂಡು, ಸದ್ದು ಬಂದ್ ಮಾಡಿ, ಕೊನೆಯವರೆಗೆ ನೋಡಿಬಿಟ್ಟೆ.

ನಿನ್ನೆ ಸಂಜೆ ಮಿರ್ಚಿ ಭಜಿ ಮಾಡಿಕೊಂಡು ಕೂತೆವು. ನಾನು ಏನೂ ಗೊತ್ತಿಲ್ಲದವನ ಹಾಗೆ ಓದ್ತಾ ಹೋದೆ, ನಡುನಡುವೆ "ಅರೆ" ಅಂತ ಆಶ್ಚರ್ಯವನ್ನೂ ಪಟ್ಟೆ. ಅವ್ವ ಟಿವಿ ನೋಡ್ತಾ ಇರಲಿಲ್ಲ, ಭಜಿ ತಿನ್ನುತ್ತಾ ನನ್ನನ್ನೇ ನೋಡ್ತಾ ಇದ್ದಳು. ಇಪ್ಪತ್ತು ನಿಮಿಷಕ್ಕೆ ಬೆರಳಲ್ಲಿ ತೆರೆಯ ಮೇಲೆ ಒಬ್ಬನನ್ನ ತೋರಿಸಿದಳು.

"ಇಂವಾ."

ಸರಿಯಾಗಿ ಅವನೇ. ಹೇಗೆ ಗೊತ್ತಾಯ್ತು ಅಂತ ಕೇಳಿದೆ.

"ಇಂವಾ ಮಾತಾಡಿದಾಗಷ್ಟ ನೀ ಸಣ್ಣ ಧ್ವನೀಲೆ ಓದತಿ. ರಾತ್ರಿ ನೋಡಿಯಲ್ಲ ಕಳ್ಳಾ?"